ಆಟ ನೋಡದೆ ಹಾಕಿದ ನಂಬರು

ರಾಜಾಜಿನಗರದಲ್ಲಿ ನನ್ನ ಆಟೋ ಹತ್ತಿದೋನು ಬ್ಯಾಸ್ಕೆಟ್‌ಬಾಲ್ ಸೆಲೆಕ್ಟರು. ಆಟದ ಮೇಲೆ ಡಿಗ್ರಿ ಕಾಲೇಜಲ್ಲಿ ಫ್ರೀ ಸೀಟು ಯಾವ ಪಿಯುಸಿ ಹುಡುಗೀರಿಗೆ ಅಂತ ಫೋನಲ್ಲಿ ಹೇಳ್ತಾ, ಹಿಂದೆ ಕೂತೇ ಪಟ್ಟಿಗೆ ನಂಬರ್ ಹಾಕ್ತಿದ್ದ.

ದಿನಾ ನಾನೇ ಪ್ರಾಕ್ಟೀಸಿಗೆ ಬಿಡೋ ಬ್ಯಾಡರಹಳ್ಳಿ ಸವಿತಾ ಜ್ಞಾಪಕಕ್ಕೆ ಬಂದ್ಲು; ಬಿಟ್ಟ ಮೇಲೆ ನಾನೂ ಸ್ವಲ್ಪ ಹೊತ್ತು ನಿಂತು ಅವಳಾಟ ನೋಡ್ತೀನಿ. "ನಮ್ ಸವಿತಾ ಎಷ್ಟನೇ ನಂಬರ್ ಸಾರ್?"

"ಸಣ್ಣ ಕಾಲೇಜಲ್ವಾ, ಕೊನೇಲಿ ಹಾಕಿದೀನಿ."

"ಆಟ ನೋಡಿದೀರಾ?"

"ಅಷ್ಟು ದೂರ ಯಾರ್ರೀ ಹೋಗ್ತಾರೆ?"

ಮೂವತ್ತು ವರ್ಷದಿಂದ ಆಟೋ ಓಡಿಸೋನ ಹತ್ರ ಹೇಳೋ ಮಾತಾ ಇದು? ಮೀಟರ್ ಆಫ್ ಮಾಡಿ ಮಾಗಡಿ ರೋಡಿಗೆ ತಿರುಗಿಸ್ದೆ. ದಾರಿಯುದ್ದಕ್ಕೂ ಬಾಯಿ ಬಡ್ಕೊಂಡ. ಅಲ್ಲಿ ಪ್ರಾಕ್ಟೀಸ್ ಕೋರ್ಟಲ್ಲಿ ಅರ್ಧ ಗಂಟೆ ಆಟ ನೋಡ್ದೋನು ಸವಿತಾನ ಮೂರನೇ ನಂಬರಿಗೆ ತಂದ.

"ಮೊದಲಿಬ್ರ ಆಟ ನೋಡಿದೀರಾ?"

ಪಟ್ಟಿ ಮಡಚಿ ಜೇಬಿಗೆ ಹಾಕ್ಕೊಂಡ.

"ಹತ್ತಿ ಸಾರ್, ಅಲ್ಲಿಗೂ ಹೋಗೋಣ" ಅಂದೆ.

ಬ್ಯಾಸ್ಕೆಟ್‌ಬಾಲ್ ರೂಲ್ಸು ನನಗೊಂದೂ ಗೊತ್ತಿಲ್ಲ. ಆದ್ರೂ ಆವತ್ತಿನವರೆಗೂ ಆ ಸೆಲೆಕ್ಟರಿಗಿಂತ ನಾನೇ ಜಾಸ್ತಿ ಆಟ ನೋಡಿದ್ದೆ.