ಮುಯ್ಯಿ ಬೇಡದ ಹುಸೇನ್ ಬೀ

ಹುಸೇನ್ ಬೀ ನಮ್ಮ ಪಕ್ಕದ ಮನೆಯವಳು. ಒಳ್ಳೆಯವಳು ಎಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದೆಲ್ಲ ಬೈಗುಳದಂತೆ ಕಾಣಬಹುದು. ಇಷ್ಟು ಒಳ್ಳೆಯವರನ್ನು ಪಕ್ಕದಲ್ಲಿಟ್ಟುಕೊಂಡು ಬಾಳುವುದು ಎಷ್ಟು ಕಷ್ಟ ಎಂಬುದು ಬಾಳಿದವರಿಗೇ ಗೊತ್ತು.

ಆಕೆಯ ಗಂಡ ಸಲೀಂ ಸಾಬರು ಹತ್ತಿ ಹಿಂಜಿ ಗಾದಿ ಹೊಲಿಯುವವರು. ಧರ್ಮಪುರದ ಸುತ್ತಮುತ್ತ ಅವರು ಹೊಲಿದ ಗಾದಿಯಿಲ್ಲದ ಮನೆ ಕಡಿಮೆ. ಅವರು ತೀರಿಕೊಂಡ ಮೇಲೆ ಮಗಳು ಆಲಿಯಾ ಬಂದು ತಾಯಿಯನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋದಳು. ತಿಂಗಳು ತುಂಬುವುದರೊಳಗೆ ಹುಸೇನ್ ಬೀ ಗಂಟು ಹಿಡಿದು ಬಸ್ಸಿಳಿದಳು.

"ಅಲ್ಲಿ ಎಲ್ಲಾ ಮಿಷನ್ನೇ ಮಾಡ್ತಾವೆ ಕೆಂಚಕ್ಕ. ನಾನು ಕುಂತು ಏನ್ ಮಾಡ್ಲಿ?"

ಇಲ್ಲಿ ಬಂದಾದರೂ ಕುಂತಳೇ? ಒಬ್ಬಳೇ ಇದ್ದರೆ ಗೋಡೆಗಳು ಮೈಮೇಲೆ ಬಂದಂತಾಗುತ್ತದಂತೆ. ಬೆಳಕು ಹರಿಯುತ್ತಲೇ ಯಾರ ಮನೆಯಲ್ಲಿ ಏನು ಕೆಲಸವಿದೆ ಎಂದು ಹುಡುಕಿಕೊಂಡು ಹೊರಡುವಳು. ಬಾಣಂತಿ ಇದ್ದಲ್ಲಿ ಕೂಸಿಗೆ ಎಣ್ಣೆ ತಿಕ್ಕುವಳು. ಜ್ವರ ಬಂದವರ ಮನೆಗೆ ನೀರು ಹೊತ್ತು ಹಾಕುವಳು. ಅಂಗನವಾಡಿಗೆ ಹೋಗಿ ಮಕ್ಕಳ ಮೂಗು ಒರೆಸುವಳು. ಎಲ್ಲೂ ಕೆಲಸ ಸಿಗದ ದಿನ ನನ್ನ ಪಾಡು ಕೇಳಬೇಡಿ. ನಾನು ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದು, ಖಾರದಪುಡಿ ಡಬ್ಬಿ ಎಲ್ಲೋ ಇಟ್ಟು ಹೋಗುವಳು. ಅಡುಗೆ ಹೊತ್ತಿಗೆ ನಾನು ಮನೆಯೆಲ್ಲ ತಡಕಾಡಬೇಕು. ಒಂದು ಲೋಟ ಚಾ ಕೊಟ್ಟರೆ ಮಾತ್ರ, "ಬ್ಯಾಡಕ್ಕ, ಈಗಷ್ಟೇ ಕುಡ್ದೆ." ಸುಳ್ಳು. ಬೆಳಗಿನಿಂದ ಆಕೆ ಒಲೆಯನ್ನೇ ಹಚ್ಚದ್ದನ್ನು ನಾನು ಕಂಡಿಲ್ಲವೇ?

ಈ 'ಬ್ಯಾಡಕ್ಕ'ವೇ ಕೊನೆಗೆ ಮುಳುವಾಯಿತು.

ಬಿತ್ತನೆಗೆ ಮುಂಚೆ ನಮ್ಮಲ್ಲಿ ಕಡ್ಲೆಕಾಯಿ ಸುಲಿಯುವ ಕೆಲಸ. ಮಿಷನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆ, ಮೊಳಕೆ ಸರಿಯಾಗಿ ಬರುವುದಿಲ್ಲ ಎಂದು ಇನ್ನೂ ಕೈಯಲ್ಲೇ ಸುಲಿಯುವವರಿದ್ದಾರೆ. ಕೂಲಿ ಇಲ್ಲ, ಮುಯ್ಯಿ. ಇವತ್ತು ನಾವು ನಿಮ್ಮ ಜಗಲಿಗೆ ಬಂದು ಸುಲಿದರೆ, ನಾಳೆ ನೀವು ನಮ್ಮ ಜಗಲಿಗೆ ಬರಬೇಕು. ಹೊಲವಿಲ್ಲದವರು ಬಂದರೆ ಸೆರಗಿಗೆ ಒಂದಿಷ್ಟು ಕಾಯಿ ಸುರಿದು ಕಳಿಸುತ್ತಾರೆ. ಹುಸೇನ್ ಬೀಗೆ ಹೊಲವಿಲ್ಲ. ಕಾಯಿ ಕೊಟ್ಟರೆ ಸೆರಗನ್ನೂ ಒಡ್ಡಳು.

ಹೋದ ವರ್ಷ ಹೇಗೋ ನಡೆಯಿತು. ಈ ಸಲ ಒಬ್ಬೊಬ್ಬರೇ ಆಕೆಯನ್ನು ಬಾಗಿಲಲ್ಲೇ ತಡೆಯತೊಡಗಿದರು. "ಮುಗೀತು ಬೂಬಮ್ಮ" ಅನ್ನುವರು. ಒಳಗೆ ಕಾಯಿಮೂಟೆ ಬಾಯಿ ಕಟ್ಟಿಕೊಂಡು ಹಾಗೇ ಕುಂತಿರುವುದು.

ಓಬಳೇಶಪ್ಪನ ಜಗಲಿಯಲ್ಲಿ ನನ್ನ ಕಣ್ಣೆದುರೇ ಹೀಗಾಯಿತು. ಆಕೆಯನ್ನು ತಿರುಗಿ ಕಳಿಸಿದ್ದು ಅವನ ಸೊಸೆ ರಮ್ಯಾ.

"ಯಾಕೆ ಕಳಿಸ್ದೆ?" ಎಂದೆ.

"ಇನ್ನೇನ್ ಮಾಡ್ಲಿ ಅಜ್ಜಿ? ನನ್ನ ಕೂಸಿಗೆ ದಿನಾ ಎಣ್ಣೆ ತಿಕ್ಕಿ ನೀರು ಹಾಕಿದ್ರು. ಒಂದು ಸೀರೆ ಕೊಟ್ರೆ ತಗಳ್ಳಿಲ್ಲ. ಊಟಕ್ಕೆ ಕುಂತ್ಕಳ್ರಿ ಅಂದ್ರೆ ಕುಂದ್ರಲ್ಲ."

ಓಬಳೇಶಪ್ಪನೂ ತಲೆಯಾಡಿಸಿದ. "ತೀರ್ಸಾಕೆ ದಾರಿನೇ ಇಲ್ದಿದ್ರೆ ಆಯಮ್ಮನ ಋಣ ಎಷ್ಟಂತ ಹೊರಾದು?"

ನಾನು ಮನೆಗೆ ಬಂದರೆ ಹುಸೇನ್ ಬೀ ನನ್ನ ಮೆಟ್ಟಿಲ ಮೇಲೆ ಕುಂತಿದ್ದಳು. ಕಸಬರಿಗೆ ಮುಟ್ಟಿರಲಿಲ್ಲ. ಅದನ್ನು ಕಂಡೇ ನನಗೆ ಭಯವಾಯಿತು.

"ಗಂಡ ಸತ್ತವಳು ಬೀಜ ಮುಟ್ಟಬಾರ್ದು ಅಂತಾರಾ ಕೆಂಚಕ್ಕ?"

"ನನ್ನ ಗಂಡ ಏನು ಪ್ಯಾಟೆಗೆ ಹೋಗವ್ನಾ? ನನ್ನ ಕರೀತಾರಲ್ಲ!"

"ಮತ್ಯಾಕೆ? ಯಾರಿಗೂ ಬ್ಯಾಡಾದೆ. ಆಲಿಯಾಗೆ ಫೋನ್ ಮಾಡ್ತೀನಿ. ಬಂದು ಕರ್ಕೊಂಡೋಗ್ಲಿ."

ಚಿತ್ರದುರ್ಗಕ್ಕೆ ಹೋದರೆ ಈ ಸಲ ತಿರುಗಿ ಬರುವುದಿಲ್ಲ ಎಂಬುದು ಆಕೆಯ ದನಿಯಲ್ಲೇ ಇತ್ತು. ನನಗೆ ತಾಳ್ಮೆಯವಳೆಂದು ಊರಲ್ಲಿ ಹೆಸರು. ಆವತ್ತು ಆ ಹೆಸರು ಹೋಯಿತು.

"ಏ, ಊರೋರ ಕೆಲಸ ಎಲ್ಲಾ ನಿಂಗೆ ಬೇಕು. ನಿನ್ನ ಮನೆ ಕೆಲಸಕ್ಕೆ ಯಾವತ್ತಾದ್ರೂ ಯಾರನ್ನಾದ್ರೂ ಕರ್ದಿದೀಯಾ?"

"ನನ್ನ ಮನೇಲಿ ಏನೈತೆ ಕೆಲಸ?"

ಆಕೆಯ ಮನೆಯೊಳಗೆ ನುಗ್ಗಿದೆ. ಗೋಡೆಯ ಮೇಲೆ ಸಾಬರ ಹತ್ತಿ ಹಿಂಜುವ ಬಿಲ್ಲು ತೂಗುತ್ತಿತ್ತು. ಕೆಳಗೆ ಅವರದೇ ಗಾದಿ, ಕೈಯಿಟ್ಟರೆ ಕಲ್ಲುಗುಂಡು ಇಟ್ಟಂತೆ ಗಂಟುಗಂಟು. "ಊರೋರ್ದು ಮುಗೀಲಿ, ನಮ್ದು ಆಮ್ಯಾಕೆ" ಎನ್ನುತ್ತಿದ್ದ ಮನುಷ್ಯ. ಆ ಆಮ್ಯಾಕೆ ಬರಲೇ ಇಲ್ಲ. ಗಾದಿಯನ್ನು ಅಂಗಳಕ್ಕೆ ಎಳೆದು, ಕುಡುಗೋಲಿನಿಂದ ಹೊಲಿಗೆ ಸೀಳಿಬಿಟ್ಟೆ.

"ಯಾ ಅಲ್ಲಾ! ಹುಚ್ಚು ಹಿಡೀತಾ ನಿಂಗೆ?"

"ಹಿಡೀತು. ನೀನೇ ಹಿಡಿಸ್ದೆ."

ಓಬಳೇಶಪ್ಪನ ಜಗಲಿಗೆ ಮತ್ತೆ ಹೋಗಿ, ಗಾದಿಯ ಹತ್ತಿ ಬಿಡಿಸಲು ಹುಸೇನ್ ಬೀ ಕರೆಯುತ್ತಿದ್ದಾಳೆ ಎಂದೆ. ರಮ್ಯಾ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

"ಬೂಬಮ್ಮ ಕರದ್ರಾ? ನಿಜವಾ? ಏಳ್ರೇ ಎಲ್ಲಾ, ಹೋಗಾಣ!"

ಜಗಲಿಗೆ ಜಗಲಿಯೇ ಎದ್ದು ಬಂತು. ಹುಸೇನ್ ಬೀ ಓಡಿ ಬಂದು ಹತ್ತಿ ಕಸಿದುಕೊಳ್ಳುವುದು, "ಬಿಡ್ರಿ, ನಾನೇ ಮಾಡ್ಕಂತೀನಿ" ಅನ್ನುವುದು. ಕೂರಿಸಿದರೆ ಏಳುವಳು, ಎದ್ದರೆ ನಾನು ಸೆರಗು ಹಿಡಿದು ಎಳೆಯಬೇಕು. ನನ್ನ ರಟ್ಟೆ ಬಿದ್ದುಹೋಯಿತು.

"ಸುಮ್ನೆ ಕುಂತ್ಕಳ್ರಿ ಬೂಬಮ್ಮ" ಎಂದು ರಮ್ಯಾ ಗದರಿದಳು. "ಇಲ್ಲಾಂದ್ರೆ ಸಾಬರ ಬಿಲ್ಲಿಗೇ ಕಟ್ಟಾಕ್ತೀನಿ."

ಎಲ್ಲರೂ ನಕ್ಕರು. ಹುಸೇನ್ ಬೀ ಕುಂತಳು. ಸ್ವಲ್ಪ ಹೊತ್ತಿಗೆ ನನ್ನ ಕಿವಿಯ ಹತ್ತಿರ ಬಂದು, ಎಲ್ಲರಿಗೂ ಚಾ ಮಾಡಬೇಕು, ಒಂದು ಲೋಟ ಸಕ್ಕರೆ ಕೊಡುತ್ತೀಯಾ ಎಂದಳು. ಪಕ್ಕದ ಮನೆಯಲ್ಲಿದ್ದೂ ಅಲ್ಲಿಯವರೆಗೆ ಆಕೆ ನನ್ನಿಂದ ಕಡ್ಡಿಪೆಟ್ಟಿಗೆ ಸಹ ಕೇಳಿದವಳಲ್ಲ.

ಗಾದಿಯ ಹೊಲಿಗೆ ಸೊಟ್ಟಸೊಟ್ಟಾಗಿ ಬಂತು. "ಸಾಬ್ರು ನೋಡಿದ್ರೆ ಅಲ್ಲಿಂದ್ಲೇ ಉಗೀತಾರೆ" ಎಂದು ಹುಸೇನ್ ಬೀ ಅದರ ಮೇಲೆ ಕೈಯಾಡಿಸಿದಳು. ಹೊರಡುವಾಗ ರಮ್ಯಾ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಾಳೆ ನಮ್ಮ ಜಗಲಿಗೆ ಬರ್ಬೇಕು. ಮುಯ್ಯಿ ಅಂದ್ರೆ ಮುಯ್ಯಿ. ತಪ್ಪಿಸ್ಕಂಡ್ರೆ ಮನೆಗೇ ಬಂದು ಎಳಕಂಡೋಗ್ತೀನಿ."

ಆಲಿಯಾಗೆ ಫೋನ್ ಹೋಗಲಿಲ್ಲ.

ಮಾರನೆಯ ದಿನ ಕೋಳಿ ಕೂಗುವ ಮುಂಚೆಯೇ ನನ್ನ ಬಾಗಿಲು ದಬದಬ. "ಏಳು ಕೆಂಚಕ್ಕ, ರಮ್ಯಾ ಕಾಯ್ತಾಳೆ!" ಒಳಗೆ ಬಂದವಳೇ ನನ್ನ ಗಾದಿಯನ್ನು ಅಮುಕಿ ನೋಡಿದಳು. "ನಿಂದೂ ಗಂಟು ಕಟ್ಟೈತೆ. ನಾಳಿದ್ದು ಬಿಚ್ಚಾಣ."

ನನ್ನ ಗಾದಿಗೆ ಏನೂ ಆಗಿಲ್ಲ ಎಂದು ಕಿರುಚಿದೆ. ಯಾರು ಕೇಳುತ್ತಾರೆ? ಆಕೆ ಒಲೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕುಂತು ಕೈ ಚಾಚಿದಳು.

"ಮೊದ್ಲು ಚಾ ಹಾಕು. ಸಕ್ರೆ ವಸಿ ಜಾಸ್ತಿ ಇರ್ಲಿ."