ಬಿಸಿಬೇಳೆಬಾತಿಗೆ ಒಂದು ವುವ್ರೆ

ನಮ್ಮ ಕಡೆ ಅರಿಸಿನ ಕುಂಕುಮಕ್ಕೆ ಬಂದ ರವಿಕೆ ಕಣವನ್ನು ಯಾರೂ ಹೊಲಿಸಿಕೊಳ್ಳುವುದಿಲ್ಲ. ಅದು ಮನೆಯಿಂದ ಮನೆಗೆ ಹೋಗುತ್ತಲೇ ಇರುತ್ತದೆ. ಕೊಟ್ಟವರು ಕೇಳುವುದಿಲ್ಲ, ತೆಗೆದುಕೊಂಡವರು ಹೇಳುವುದಿಲ್ಲ. ಜಪಾನಿನ ಕೋಬೆಗೆ ಬರುವಾಗ ಈ ಬುದ್ಧಿಯನ್ನೂ ಮಸಾಲೆಪುಡಿಯ ಜೊತೆ ಕಟ್ಟಿಕೊಂಡು ಬಂದೆ.

ಎದುರು ಫ್ಲ್ಯಾಟಿನಾಕೆ ವೈನ್ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಊಟಕ್ಕೆ ಏನೆಂದು ಹೇಳಿದರೆ ಸಾಕು, ಅದಕ್ಕೊಪ್ಪುವ ಬಾಟಲಿ ಎತ್ತಿಕೊಡುತ್ತಿದ್ದರಂತೆ. ನಾನು ಬಿಸಿಬೇಳೆಬಾತ್ ಮಾಡಿದಾಗಲೆಲ್ಲ ಅವರಿಗೊಂದು ಡಬ್ಬಿ ಹೋಗುತ್ತಿತ್ತು. ಖಾರಕ್ಕೆ ಕಣ್ಣು ಮೂಗು ಒರೆಸಿಕೊಳ್ಳುತ್ತಲೇ ಪೂರ್ತಿ ತಿಂದು, ಡಬ್ಬಿಗೆ ಕಿತ್ತಳೆ ತುಂಬಿ ಹಿಂದಿರುಗಿಸುತ್ತಿದ್ದರು. ಹೋದ ಚಳಿಗಾಲ ಅವರಿಗೆ ಜ್ವರ ಬಂತು. ಜ್ವರವೇನೋ ಬಿಟ್ಟಿತು, ಹೋಗುವಾಗ ವಾಸನೆ, ರುಚಿ ಎರಡನ್ನೂ ಹೊತ್ತುಕೊಂಡು ಹೋಯಿತು. ಅವರು ರಜೆ ಹಾಕಿ ಮನೆಯಲ್ಲಿ ಕೂತರು.

ವಸಂತದಲ್ಲಿ ಒಂದು ಸಂಜೆ ಬಾಟಲಿ ಹಿಡಿದು ಬಂದರು. ಫ್ರಾನ್ಸಿನ ಲ್ವಾರ್ ನದಿ ದಂಡೆಯ ವುವ್ರೆ ಎಂಬ ಊರಿನ ಬಿಳಿ ವೈನ್. ದ್ರಾಕ್ಷಿಯ ಜಾತಿ ಶೆನಿನ್ ಬ್ಲಾಂ. ಅಲ್ಲಿ ಇದನ್ನು ಆಡಿನ ಹಾಲಿನ ಚೀಸು, ಹೊಳೆಮೀನಿನ ಜೊತೆ ಕುಡಿಯುತ್ತಾರಂತೆ.

"ಮೊದಲು ಹುಳಿ, ಹಿಂದೇನೇ ಸ್ವಲ್ಪ ಸಿಹಿ ಬರುತ್ತೆ. ನಿಮ್ಮ ಹುಣಸೆಹಣ್ಣಿಗೂ ಖಾರಕ್ಕೂ ಸರಿಹೋಗ್ಬೇಕು. ನಿಮ್ಮ ಬಾತ್ ನೆನಪು ಮಾಡ್ಕೊಂಡೇ ಆರಿಸಿದೀನಿ. ಊಟದ ಜೊತೆ ಕುಡಿದು ಹೇಗಿತ್ತು ಹೇಳಿ," ಎಂದರು. ಅರಿಗಾತೋ ಎಂದು ಧನ್ಯವಾದ ಹೇಳಿ ಸೊಂಟ ಬಗ್ಗಿಸಿದೆ.

ನಮ್ಮ ಮನೆಯಲ್ಲಿ ವೈನ್ ಕುಡಿಯುವವರಿಲ್ಲ. "ಶನಿವಾರ ನಮ್ಮ ಆಫೀಸಿನ ಮ್ಯಾನೇಜರ್ ಸಾನ್ ಮನೆಗೆ ಹೋಗ್ತಿದೀವಲ್ಲ, ಗಿಫ್ಟ್ ಹುಡುಕೋ ಕೆಲಸ ತಪ್ತು," ಎಂದರು ಗಂಡ. ಚೀಲ ಸಮೇತ ಕೊಟ್ಟುಬಂದೆವು.

ಮುಂದಿನ ವಾರ ಕಸ ಇಡುವ ಜಾಗದಲ್ಲಿ ಆಕೆ ಸಿಕ್ಕಿ ಕೇಳಿಯೇಬಿಟ್ಟರು. ಚೆನ್ನಾಗಿ ಹೊಂದಿತು ಎಂದೆ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಉಪಚಾರ ಶುರುವಾದರೆ ನನ್ನ ಬಾಯಿಗೆ ಬ್ರೇಕಿಲ್ಲ. ಖಾರ ತಿಂದು ಒಂದು ಗುಟುಕು ಕುಡಿದರೆ ಎಷ್ಟು ಹಿತ ಎಂದೂ ಸೇರಿಸಿದೆ. ಅವರು ಕಸದ ಚೀಲ ಕೆಳಗಿಟ್ಟು ಕಣ್ಣು ತುಂಬಿಕೊಂಡರು. ಅಂಗಡಿಯವರು ವಾಪಸ್ ಕರೆಯುತ್ತಿದ್ದರಂತೆ. ರುಚಿ ಗೊತ್ತಾಗದೆ ಬರೀ ನೆನಪಿನಿಂದ ಆರಿಸಬಲ್ಲೆನೇ ಎಂದು ಇವರೇ ಹೆದರಿ ಕೂತಿದ್ದರಂತೆ.

"ನಿಮ್ಮ ಬಾಟಲೀನೇ ನನಗೆ ಪರೀಕ್ಷೆ ಆಗಿತ್ತು. ಇವತ್ತೇ ಫೋನ್ ಮಾಡ್ತೀನಿ," ಎಂದರು.

ಆಗಲೇ ನಿಜ ಹೇಳಬೇಕಿತ್ತು. ಆದರೂ ನಗುತ್ತಾ ನಿಂತೆ. ಆ ನಗು ನೆನೆಸಿಕೊಂಡರೆ ನನಗೇ ಹೇಸಿಗೆಯಾಗುತ್ತದೆ.

ಅವರು ಕೆಲಸಕ್ಕೆ ಸೇರಿದರು. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ನನಗೆ ತಲೆ ಬಾಗಿಸುತ್ತಿದ್ದರು. ನಾನು ಮೆಟ್ಟಿಲು ಹತ್ತತೊಡಗಿದೆ. ಆಯ್ಕೆ ತಪ್ಪಾಗಿ ಗಿರಾಕಿಗಳೆದುರು ಅವರ ಮಾನ ಹೋದರೆ ಅದಕ್ಕೆ ನಾನೇ ಕಾರಣ ಎಂದು ಒಳಗೇ ಕುದಿಯುತ್ತಿದ್ದೆ. "ಓವರ್‌ಥಿಂಕ್ ಮಾಡ್ಬೇಡ, ಅವ್ರು ಹ್ಯಾಪಿಯಾಗಿದಾರಲ್ಲ," ಎಂದರು ಗಂಡ. ಅವರ ಮೇಲೂ ರೇಗಿದೆ.

ಕಡೆಗೊಂದು ಮಧ್ಯಾಹ್ನ ಅಂಗಡಿಗೇ ಹೋದೆ. ಅದೇ ವೈನ್ ಕೊಂಡು, ಮೂಗು ಮುಚ್ಚಿಕೊಂಡಾದರೂ ಕುಡಿದು, ಹೇಳಿದ ಸುಳ್ಳನ್ನು ನಿಜ ಮಾಡಿಬಿಡೋಣ ಎಂಬ ಹಂಚಿಕೆ ನನ್ನದು. ನನ್ನನ್ನು ಕಂಡದ್ದೇ ಅವರ ಮುಖ ಅರಳಿತು. ಕೇಳುವ ಮೊದಲೇ ಆ ವುವ್ರೆ ತಂದು ಕಾಗದ ಸುತ್ತತೊಡಗಿದರು. ಪಕ್ಕದಲ್ಲಿದ್ದ ಗಿರಾಕಿಗೆ, "ಭಾರತದ ಅಡುಗೆಗೆ ಇದು ಹೊಂದುತ್ತೆ, ಇವರೇ ಹೇಳಿದ್ದು," ಎಂದು ನನ್ನನ್ನು ತೋರಿಸಿದರು. ಆತನೂ ನನಗೆ ತಲೆ ಬಾಗಿಸಿ ಹೊರಗೆ ಹೋದ. ಇನ್ನು ತಡೆಯಲಾಗಲಿಲ್ಲ.

"ಸುಮಿಮಾಸೆನ್, ತಪ್ಪಾಯ್ತು. ನಾನು ಅದನ್ನ ಕುಡೀಲೇ ಇಲ್ಲ. ಬೇರೆಯವರ ಮನೆಗೆ ಕೊಟ್ಟುಬಿಟ್ಟೆ," ಎಂದೆ.

ಕಾಗದ ಮಡಿಸುತ್ತಿದ್ದ ಕೈ ನಿಂತಿತು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಮೆಲ್ಲಗೆ ಕೇಳಿದರು:

"ಆ ಮನೆಯವರು ಏನಂದ್ರು? ಯಾವ ಊಟಕ್ಕೆ ಕುಡಿದ್ರಂತೆ?"

ಅದನ್ನೂ ನಾನು ಕೇಳಿರಲಿಲ್ಲ.