ಮಡಿವಾಳೆಪ್ಪ ಬಿಜಲಿಗೆ ನಡಿಗೆ ಕಲಿಸಿದ್ದು

ಕಟಕೋಳದ ಮಡಿವಾಳೆಪ್ಪನ ಹೆಸರು ಒಂದು ಕಾಲಕ್ಕೆ ರಾಮದುರ್ಗ ತಾಲೂಕಿನ ಹತ್ತಾರು ಹಳ್ಳಿಗಳಲ್ಲಿ ಓಡಾಡುತ್ತಿತ್ತು. ಯಾರ ಮನೆಯ ಹೋರಿ ನೊಗಕ್ಕೆ ಹೆಗಲು ಕೊಡದಿದ್ದರೂ ಅವನಿಗೇ ಹೇಳಿ ಕಳಿಸುತ್ತಿದ್ದರು. ಹದಿನೈದು ದಿನ ಅವನ ಕೈಯಲ್ಲಿದ್ದರೆ ಸಾಕು, ಗೂಟ ಕಿತ್ತುಕೊಂಡು ಊರೆಲ್ಲ ಓಡಿದ್ದ ಹೋರಿಯೂ ಹೊಲದಲ್ಲಿ ಗಳೆ ಎಳೆಯಲು ತಯಾರಾಗುತ್ತಿತ್ತು. ಆಮೇಲೆ ಟ್ರ್ಯಾಕ್ಟರುಗಳು ಬಂದವು. ಕರೆಯುವವರು ಕಡಿಮೆಯಾದರು. ಕೊನೆಯ ಹೋರಿಯನ್ನು ಪಳಗಿಸಿ ಎಂಟು ವರ್ಷವಾಗಿತ್ತು. ಈಗ ಅವನಿಗೆ ಅರವತ್ತನಾಲ್ಕು. ಹೆಂಡತಿ ಗುರವ್ವನ ಜೊತೆ ಎರಡೆಕರೆ ಹೊಲ ನೋಡಿಕೊಂಡು, ಚಾವಡಿ ಕಟ್ಟೆಯ ಮೇಲೆ ಹಳೆಯ ಹೋರಿಗಳ ಕತೆ ಹೇಳಿಕೊಂಡು ಇದ್ದ.

ಹೀಗಿರುವಾಗ ಬೈಲಹೊಂಗಲದಿಂದ ಮಗಳು ಮಾಲಾಳ ಫೋನು ಬಂತು. ನಾಯಿ ಎಳೆದು ರಸ್ತೆಯಲ್ಲಿ ಕೆಡವಿ ಬಲಗೈ ಮಣಿಕಟ್ಟು ಮುರಿದಿದೆ, ಆರು ವಾರ ಪ್ಲಾಸ್ಟರು ಹಾಕಿದ್ದಾರೆ, ಅಷ್ಟು ದಿನ ಬಂದು ಇರಲು ಆಗುತ್ತದೆಯೇ ಎಂದಳು. ಅಡುಗೆಗೆ, ಪಾತ್ರೆಗೆ ಓಣಿಯ ಹೆಂಗಸೊಬ್ಬಳು ಬರುತ್ತಿದ್ದಳು. ನಾಯಿಯನ್ನು ಮಾತ್ರ ಆಕೆ ಮುಟ್ಟಲಾರಳು. ಅಂದರೆ ಮಗಳು ತನ್ನನ್ನು ಕರೆಯುತ್ತಿರುವುದು ನಾಯಿಗೋಸ್ಕರ ಎಂದು ಗೊತ್ತಾದಾಗ ಮಡಿವಾಳೆಪ್ಪನಿಗೆ ನಗು ಬಂತು. ಗುರವ್ವ ಅವನ ಎರಡು ಅಂಗಿ, ಎರಡು ಧೋತರ ಮಡಿಚಿ ಚೀಲಕ್ಕೆ ಹಾಕುತ್ತ, ಮಗಳು ತಾನಾಗಿ ಅಪ್ಪನನ್ನು ಏನಾದರೂ ಕೇಳಿದ್ದು ಎಷ್ಟು ವರ್ಷದ ಮೇಲೆ ಎಂದು ಲೆಕ್ಕ ಹಾಕು ಎಂದಳು. ಅವನು ಲೆಕ್ಕ ಹಾಕಲಿಲ್ಲ.

ಮಾಲಾ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ಗಂಡ ಶ್ರೀಶೈಲ ಹನಿ ನೀರಾವರಿಯ ಪೈಪು ಮಾರುವವನು. ಬೆಳಗಾದರೆ ಬೈಕು ಹತ್ತಿ ಕಿತ್ತೂರು, ಸವದತ್ತಿ ಎಂದು ತಿರುಗಬೇಕು. ಮಗಳು ಸಪ್ನಾ ಧಾರವಾಡದ ಹಾಸ್ಟೆಲಿಗೆ ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆಯೆಂದು ಮಾಲಾ ಮುಧೋಳದ ಕಡೆಯಿಂದ ಒಂದು ಹೆಣ್ಣು ಮರಿ ತರಿಸಿದ್ದಳು. ಮರಿ ಹನ್ನೊಂದು ತಿಂಗಳಲ್ಲಿ ಸೊಂಟದೆತ್ತರಕ್ಕೆ ಬೆಳೆಯಿತು. ಬಡಕಲು ಹೊಟ್ಟೆ, ಬಿಲ್ಲಿನಂಥ ಬೆನ್ನು, ಉದ್ದನೆಯ ಕಾಲು. ಹೆಸರು ಬಿಜಲಿ. ಮನೆಯೊಳಗೆ ಮೂಲೆಯಲ್ಲಿ ಮುದುಡಿ ಮಲಗಿದರೆ ಇದೆಯೋ ಇಲ್ಲವೋ ಎನ್ನುವಂತಿರುತ್ತಿತ್ತು. ಗೇಟಿನ ಹೊರಗೆ ಕಾಲಿಟ್ಟರೆ ಮಾತ್ರ ಆಡು, ಸೈಕಲ್ಲು, ಹಾರುವ ಪ್ಲಾಸ್ಟಿಕ್ ಚೀಲ, ಯಾವುದು ಕಂಡರೂ ಅದರ ಮೈಯೆಲ್ಲ ಬಾಣವಾಗುತ್ತಿತ್ತು.

ಮಡಿವಾಳೆಪ್ಪ ಬಂದ ದಿನವೇ ಅಳಿಯ ಮಾತು ತೆಗೆದ. ಸವದತ್ತಿ ಹತ್ತಿರ ತೋಟವಿದ್ದ ಒಬ್ಬ ಪರಿಚಯದವರು ನಾಯಿ ಕೇಳುತ್ತಿದ್ದರಂತೆ. “ಮಾವಾರ, ಇದು ಓಡೂ ಜಾತಿ. ಇಂಥಾ ಓಣ್ಯಾಗ ಇಟ್ಟದ್ದು ನಮ್ಮದ ತಪ್ಪು. ಮಾಲಾನ ಕೈಯ ಪಟ್ಟಿ ಬಿಚ್ಚೂದ್ರೊಳಗ ಇದು ನೆಟ್ಟಗ ನಡ್ಯಾಕ ಕಲಿತ್ರ ಇರಲಿ, ಇಲ್ಲಂದ್ರ ಕೊಟ್ಟು ಬಿಡೂಣು” ಎಂದ. ಮಾಲಾ ಎಡಗೈಯಿಂದ ನಾಯಿಯ ಕಿವಿ ಸವರುತ್ತ ಕೂತಿದ್ದಳು. ಮಡಿವಾಳೆಪ್ಪ, ಒಂದು ನಾಯಿಗೆ ಆರು ವಾರ ಯಾಕೆ, ಒಂದೇ ವಾರ ಸಾಕು ಎಂದುಬಿಟ್ಟ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ರುಮಾಲು ಸುತ್ತಿಕೊಂಡು ಹೊರಟ. ಹೋರಿ ಹಿಡಿಯುವ ರೂಢಿಯಂತೆ ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದ. ಗೇಟು ತೆರೆದದ್ದಷ್ಟೇ ಗೊತ್ತು. ಎರಡು ಮನೆ ದಾಟುವುದರೊಳಗೆ ಒಂದು ಚಪ್ಪಲಿ ಗಟಾರಕ್ಕೆ ಬಿತ್ತು, ರುಮಾಲು ಹೆಗಲಿಗೆ ಜಾರಿತು, ಅಂಗೈ ಉರಿಯತೊಡಗಿತು. ಅವನು ಎಳೆದಷ್ಟೂ ನಾಯಿ ಮುಂದಕ್ಕೆ ಎಳೆಯಿತು. ಓಣಿಯ ತುದಿಯಲ್ಲಿ ಚಹಾದಂಗಡಿ ಇಟ್ಟಿದ್ದ ವೀರಪ್ಪ ಕೈಯಲ್ಲಿದ್ದ ಜರಡಿ ಹಾಗೇ ಹಿಡಿದು ನೋಡುತ್ತ ನಿಂತ. ಮಡಿವಾಳೆಪ್ಪ ಆ ಕಡೆ ತಲೆಯೆತ್ತಲಿಲ್ಲ.

ಎರಡನೆಯ ದಿನವೂ ಅದೇ ಆಯಿತು. ಮೂರನೆಯ ದಿನ ಅವನು ನಾಯಿಯ ಬೆಲ್ಟು ಬಿಚ್ಚಿಟ್ಟು, ಎಳೆದರೆ ಬಿಗಿಯುವಂಥ ಕುಣಿಕೆ ಹಾಕಿದ ತೆಳ್ಳನೆಯ ಹಗ್ಗವನ್ನು ನಾಯಿಯ ಕೊರಳಿಗೆ ತೊಡಿಸಿದ. ಬಿಜಲಿ ನುಗ್ಗಿತು, ಇವನು ಜಗ್ಗಿದ. ನಾಯಿ ಕೆಮ್ಮಿತು. ಮತ್ತೆ ನುಗ್ಗಿತು, ಮತ್ತೆ ಜಗ್ಗಿದ. ನಾಲ್ಕನೆಯ ಸಲಕ್ಕೆ ಅದು ಕಿರುಚಿಕೊಂಡು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿತು. ಏಳು ಎಂದು ಅವನು ಹಗ್ಗ ಎತ್ತಿದ. ಬಿಜಲಿ ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡು, ಕಣ್ಣು ಬೇರೆ ಕಡೆ ತಿರುಗಿಸಿತು.

ಮಾಲಾ ಮುರಿದ ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ಇಳಿಬಿಟ್ಟುಕೊಂಡೇ ಬರಿಗಾಲಲ್ಲಿ ಓಡಿ ಬಂದಳು. ಏದುಸಿರು ಬಿಡುತ್ತಿದ್ದಳು, ಆದರೆ ದನಿ ಎತ್ತರಿಸಲಿಲ್ಲ.

“ಅಪ್ಪಾ, ಹಗ್ಗ ಬಿಡು. ಕರಿಯಾಗ ಮಾಡಿದಂಗ ಇದಕ್ಕ ಮಾಡಬ್ಯಾಡ.”

ಅವನಿಗೆ ಮೊದಲು ಯಾವ ಕರಿಯ ಎಂದು ಹೊಳೆಯಲಿಲ್ಲ. ಹೊಳೆದಾಗ ಹಗ್ಗ ತಾನಾಗಿ ಸಡಿಲವಾಯಿತು. ಮಾಲಾ ಕೂತು, ಒಂದೇ ಕೈಯಲ್ಲಿ ಕುಣಿಕೆ ಬಿಚ್ಚಿ, ನಾಯಿಯನ್ನು ಮನೆಗೆ ಕರೆದುಕೊಂಡು ಹೋದಳು.

ಕರಿಯ ಸುರೇಬಾನದ ನಿಜಗುಣಪ್ಪ ಎಂಬ ಜಮೀನುದಾರರ ಹೋರಿ. ಮೈಯೆಲ್ಲ ಕಪ್ಪು, ಒಳ್ಳೆಯ ತಳಿ. ಅದರದು ಒಂದೇ ಹಟ, ನೊಗ ಹೆಗಲಿಗೆ ತಾಕಿದರೆ ಮಲಗಿಬಿಡುವುದು. ಅದನ್ನು ತನ್ನ ಹಿತ್ತಲಿಗೆ ತಂದು ಮಡಿವಾಳೆಪ್ಪ ಬಾಲ ತಿರುಚಿದ, ಬಾರುಕೋಲಿನಿಂದ ಬಾರಿಸಿದ, ಮೂಗುದಾರ ಜಗ್ಗಿ ಮೂಗಿನಿಂದ ರಕ್ತ ಬರಿಸಿದ. ಇಪ್ಪತ್ತು ದಿನಕ್ಕೆ ಕರಿಯ ಎದ್ದು ಗಳೆ ಎಳೆಯಿತು. ನಿಜಗುಣಪ್ಪ ಊರವರ ಎದುರು ಹೊಗಳಿ ಹೊಸ ರುಮಾಲು ಸುತ್ತಿದರು. ಆಮೇಲೆ ಒಂದೆರಡು ಸಲ ಸುರೇಬಾನಕ್ಕೆ ಹೋದಾಗ ಆ ಹೋರಿ ಮಡಿವಾಳೆಪ್ಪನ ಕೆಮ್ಮು ಕೇಳಿದರೇ ನಿಂತಲ್ಲಿ ನಡುಗಿ ಕಾಲ ಸಂದಿ ಒದ್ದೆ ಮಾಡಿಕೊಳ್ಳುವುದನ್ನು ನೋಡಿದ್ದ. ನೋಡಿ, ಅದನ್ನೂ ತನ್ನ ಕೈಗುಣವೆಂದೇ ಎಣಿಸಿದ್ದ. ಚಾವಡಿ ಕಟ್ಟೆಯ ಮೇಲೆ ಅದನ್ನು ಹೇಳಿ ಎಷ್ಟೋ ಸಲ ನಗಿಸಿಯೂ ಇದ್ದ.

ಆ ಮಧ್ಯಾಹ್ನ ಅವನು ಊಟಕ್ಕೆ ಕೂತಾಗ ಮಾಲಾ ಎಡಗೈಯಿಂದಲೇ ಪಲ್ಯ ಬಡಿಸಿದಳು. ರೊಟ್ಟಿ ಮುರಿಯದೆ ಅವನು ಕೇಳಿದ: “ನೀ ಅದನ್ನ ನೋಡಿದ್ದಿ?”

“ಹಿತ್ತಲ ಗ್ವಾಡಿ ಮ್ಯಾಲೆ ಕುಂತಿದ್ನಿ. ಆವಾಗ ನನಗ ಎಂಟು ವರ್ಷ” ಎಂದಳು. “ನಿನಗ ಬುತ್ತಿ ತರೂದು ಅವತ್ತ ಬಿಟ್ನಿ. ಸಾಲಿ ಅಭ್ಯಾಸ ಐತಿ ಅಂತ ಅವ್ವಗ ಸುಳ್ಳು ಹೇಳಿದ್ನಿ” ಎಂದು ನೀರಿನ ತಂಬಿಗೆ ಮುಂದಿಟ್ಟು ಒಳಗೆ ಹೋದಳು.

ಮಡಿವಾಳೆಪ್ಪನಿಗೆ ಅದು ನೆನಪಿತ್ತು. ಹೊಲಕ್ಕೆ ಬುತ್ತಿ ತಂದು, ಉಂಡು ಮುಗಿಯುವ ತನಕ ಬದುವಿನ ಮೇಲೆ ಕೂತು ಬಾಯಿ ಮುಚ್ಚದೆ ಮಾತಾಡುತ್ತಿದ್ದ ಹುಡುಗಿ ಒಂದು ದಿನ ಬರುವುದನ್ನು ನಿಲ್ಲಿಸಿದ್ದಳು. ಓದಿನ ಹುಚ್ಚು ಹಿಡಿಯಿತು ಎಂದು ಅವನು ಎಲ್ಲರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದ. ಮೂವತ್ತು ವರ್ಷ ಹಾಗೇ ಹೇಳಿಕೊಂಡು ಬಂದಿದ್ದ.

ಎರಡು ದಿನ ಅವನು ನಾಯಿಯನ್ನು ಹೊರಗೆ ಒಯ್ಯಲಿಲ್ಲ. ಹಿಂದಿನ ಅಂಗಳದಲ್ಲೇ ಬಿಟ್ಟು, ಕಲ್ಲಿನ ಮೇಲೆ ಕೂತು ಅದನ್ನು ನೋಡುತ್ತಿದ್ದ. ಬಿಜಲಿ ಅವನಿಂದ ದೂರ, ನೀರಿನ ತೊಟ್ಟಿಯ ಆಚೆ ಮಲಗುತ್ತಿತ್ತು. ಊರಿಗೆ ಹೋಗಿಬಿಡಲೇ ಎಂಬ ಯೋಚನೆಯೂ ಬಂತು. ಹೋರಿಗಳದೇ ವಿಚಾರ ತಲೆಯಲ್ಲಿ ಸುತ್ತುತ್ತಿತ್ತು. ಕರಿಯನೊಂದೇ ಅಲ್ಲ, ಎಪ್ಪತ್ತೋ ಎಂಬತ್ತೋ ಹೋರಿಗಳು ಅವನ ಕೈಯಲ್ಲಿ ಹಾದು ಹೋಗಿದ್ದವು. ಅವುಗಳಲ್ಲಿ ಬಹಳಷ್ಟು ರಕ್ತವಿಲ್ಲದೆ, ಕೂಗಾಟವಿಲ್ಲದೆ ಕಲಿತವು. ಅವೆಲ್ಲ ಹೇಗೆ ಕಲಿತವು ಎಂದು ಅವನು ಮೊದಲ ಸಲ ಕೇಳಿಕೊಂಡ.

ಅವನ ಹತ್ತಿರ ಮಲ್ಲ ಎಂಬ ಮುದಿ ಎತ್ತಿತ್ತು. ಹೊಸ ಹೋರಿಯನ್ನು ಯಾವಾಗಲೂ ಮಲ್ಲನ ಜೋಡಿಯೇ ಹೂಡುತ್ತಿದ್ದ. ಹೋರಿ ಜಿಗಿದರೆ ಮಲ್ಲ ನಾಲ್ಕು ಕಾಲೂರಿ ನಿಂತುಬಿಡುತ್ತಿತ್ತು. ಕೊಂಬು ತಿರುಗಿಸುತ್ತಿರಲಿಲ್ಲ, ಬುಸುಗುಡುತ್ತಿರಲಿಲ್ಲ. ಹೋರಿ ಜಿಗಿದು, ಜಗ್ಗಿ, ದಣಿದು ಸುಮ್ಮನಾದಾಗ ಮತ್ತೆ ಹೆಜ್ಜೆ ಎತ್ತುತ್ತಿತ್ತು. ಹಿಂದೆ ಮಡಿವಾಳೆಪ್ಪ ಕೋಲು ಬೀಸುತ್ತ ಕೂಗುತ್ತಿದ್ದ. ಕಲಿಸಿದ್ದು ತಾನಲ್ಲ, ಮಲ್ಲ. ಕರಿಯನ ವರ್ಷ ಮಲ್ಲ ಸತ್ತು ನಾಲ್ಕು ತಿಂಗಳಾಗಿತ್ತು, ಅಂಥದೇ ಇನ್ನೊಂದು ಎತ್ತು ಇನ್ನೂ ಸಿಕ್ಕಿರಲಿಲ್ಲ ಎಂಬುದೂ ಆಗಲೇ ನೆನಪಾಯಿತು.

ಮಾರನೆಯ ಬೆಳಿಗ್ಗೆ ಅಗಲದ ಹಳೆಯ ಬೆಲ್ಟನ್ನೇ ಹಾಕಿ, ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳದೆ ಹಿಡಿದು, ಅಂಗಿಯ ಕಿಸೆಗೆ ಗರಿಗರಿಯಾದ ಕಟಕ್ ರೊಟ್ಟಿಯ ಚೂರು ತುಂಬಿಕೊಂಡ. ಗೇಟು ತೆರೆದೊಡನೆ ಬಿಜಲಿ ನುಗ್ಗಿತು. ಅವನು ನಿಂತ. ಎಳೆಯಲಿಲ್ಲ, ಬೈಯಲಿಲ್ಲ, ಸುಮ್ಮನೆ ಕಾಲೂರಿ ನಿಂತ. ನಾಯಿ ಮುಂಗಾಲೆತ್ತಿ ಜಗ್ಗಿತು, ಕುಂಯ್‌ಗುಟ್ಟಿತು, ಸುತ್ತು ಹಾಕಿತು. ಎಷ್ಟೋ ಹೊತ್ತಿನ ಮೇಲೆ, ಇವನು ಯಾಕೆ ಬರುತ್ತಿಲ್ಲ ಎಂದು ಹಿಂದಿರುಗಿ ನೋಡಿತು. ಹಗ್ಗ ಸಡಿಲಾಯಿತು. ಕೂಡಲೇ ಅವನು ಒಂದು ಚೂರು ರೊಟ್ಟಿ ಕೊಟ್ಟು ಹೆಜ್ಜೆ ಎತ್ತಿದ. ಮೂರು ಹೆಜ್ಜೆಗೆ ಮತ್ತೆ ನುಗ್ಗಿತು. ಮತ್ತೆ ನಿಂತ.

ಅವತ್ತು ಅರ್ಧ ಗಂಟೆಯಲ್ಲಿ ನಾಲ್ಕು ಮನೆ ದಾಟಿದರು. ಹಾಲು ತರಲು ಹೋದವರು ತಿರುಗಿ ಬರುವಾಗಲೂ ಅವನು ಅಲ್ಲೇ ನಿಂತಿದ್ದ. ನಿಲ್ಲುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಕೈ ಜಗ್ಗಲು ತವಕಿಸುತ್ತಿತ್ತು, ನಾಲಿಗೆಯ ತುದಿಗೆ ಹಳೆಯ ಬೈಗುಳ ಬಂದು ನಿಲ್ಲುತ್ತಿತ್ತು. ಹೀಗೆ ನಿಲ್ಲತೊಡಗಿದ ಐದನೆಯ ದಿನ ಓಣಿಯ ತುದಿ ತಲುಪಿದಾಗ ವೀರಪ್ಪ ಚಹಾ ಸೋಸುತ್ತ, “ಯಜಮಾನ್ರ, ನೀವು ನಾಯಿನ್ನ ಅಡ್ಡಾಡಸಾಕ ಹತ್ತೀರೋ, ಓಣಿ ಕಾಯಾಕ ಹತ್ತೀರೋ?” ಎಂದ. ಎರಡೂ ಎಂದು ಮಡಿವಾಳೆಪ್ಪ ನಕ್ಕು, ನಿಂತಲ್ಲೇ ಒಂದು ಕಪ್ಪು ಚಹಾ ಕುಡಿದ. ಅವನು ಕುಡಿದು ಮುಗಿಸುವಷ್ಟು ಹೊತ್ತು ಬಿಜಲಿ ಅವನ ಕಾಲ ಬಳಿ ಕೂತಿತ್ತು. ಅದು ಕೂತದ್ದು ಅವನಿಗೆ ಕಪ್ಪು ತಿರುಗಿ ಕೊಡುವಾಗಲೇ ಗೊತ್ತಾದದ್ದು.

ಮೂರನೆಯ ವಾರಕ್ಕೆ ಇಬ್ಬರೂ ಮಾರುಕಟ್ಟೆ ಪ್ರಾಂಗಣದ ತನಕ ಹೋಗತೊಡಗಿದರು. ಎಲ್ಲ ಸುಸೂತ್ರವಾಯಿತು ಎಂದು ಅವನು ಅಂದುಕೊಂಡ ದಿನವೇ ಚೀಲಗಳ ಒಟ್ಟಿಲಿನಿಂದ ಒಂದು ಬೆಕ್ಕು ಹಾರಿತು. ಹಗ್ಗ ಕೈಯಿಂದ ಕಿತ್ತುಕೊಂಡು ಹೋಯಿತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಿಜಲಿ ಗೋದಾಮುಗಳ ಹಿಂದೆ ಮಾಯ. ಲಾರಿಗಳು ಒಳಗೆ ಬರುವ ಹೊತ್ತು. ಮಡಿವಾಳೆಪ್ಪ ಹೆಸರು ಹಿಡಿದು ಕೂಗುತ್ತ ಎರಡು ಸುತ್ತು ಓಡಿದ. ದಮ್ಮು ಹತ್ತಿ ಒಂದು ಗೋದಾಮಿನ ಮೆಟ್ಟಿಲ ಮೇಲೆ ಕೂತ. ಮಗಳಿಗೆ ಏನು ಹೇಳುವುದು ಎಂದು ಯೋಚಿಸುತ್ತ ಒಂದೊಂದು ಲಾರಿಯ ಕೆಳಗೂ ಕಣ್ಣು ಹಾಯಿಸಿದ.

ಸುಮಾರು ಹೊತ್ತಿನ ಮೇಲೆ ನಾಯಿ ತಾನಾಗಿ ಬಂತು. ನಾಲಿಗೆ ಹೊರಗೆ ಚಾಚಿ, ಹಗ್ಗ ನೆಲದ ಮೇಲೆ ಎಳೆದುಕೊಂಡು, ಒಂದು ಮಾರು ದೂರದಲ್ಲಿ ನಿಂತಿತು. ಅವನ ಬಲಗೈ ತಾನೇ ಮೇಲೆದ್ದಿತ್ತು. ಬಿಜಲಿ ಆ ಕೈಯನ್ನೇ ನೋಡುತ್ತ ಬಾಲ ಒಳಗೆ ಸೇರಿಸಿತು. ಮಡಿವಾಳೆಪ್ಪ ಆ ಕೈಯನ್ನು ಇಳಿಸಿ, ಕಿಸೆಗೆ ಹಾಕಿ, ಉಳಿದಿದ್ದ ರೊಟ್ಟಿಯ ಚೂರು ತೆಗೆದು ಚಾಚಿದ. ಬಂದ ನಾಯಿಗೆ ಹೊಡೆದರೆ ಇನ್ನೊಮ್ಮೆ ಅದು ಯಾಕೆ ಬಂದೀತು ಎಂದು ಅನಿಸಿತು. ಇಷ್ಟು ಸಣ್ಣ ಮಾತು ತಿಳಿಯಲು ಅರವತ್ತನಾಲ್ಕು ವರ್ಷ ಬೇಕಾಯಿತಲ್ಲ ಎಂದೂ ಅನಿಸಿತು. ಮನೆಗೆ ಹೋಗಿ ನಡೆದದ್ದನ್ನೆಲ್ಲ, ಕೈ ಎತ್ತಿದ್ದನ್ನೂ ಸೇರಿಸಿ, ಮಗಳಿಗೆ ಹೇಳಿದ. ಮಾಲಾ ಕೇಳಿಸಿಕೊಂಡು, “ಕೈ ಇಳಿಸಿದೆಲ್ಲ” ಎಂದಳು, ಅಷ್ಟೇ.

ಪ್ಲಾಸ್ಟರು ಬಿಚ್ಚಿದ ವಾರ ಶ್ರೀಶೈಲ ತಾನೇ ಹಗ್ಗ ಹಿಡಿದು ನೋಡಿದ. ನಾಯಿ ಒಂದೆರಡು ಕಡೆ ಎಳೆಯಿತು, ಅವನಿಗೆ ಮಾವ ಹೇಳಿದಂತೆ ನಿಲ್ಲುವ ಸಹನೆ ಇರಲಿಲ್ಲ. ತಿರುಗಿ ಬಂದು, ನಾಯಿಗಿಂತ ನನಗೇ ಹೆಚ್ಚು ಕಲಿಸಬೇಕಾದೀತು ಎಂದು ಒಪ್ಪಿಕೊಂಡು, ಸವದತ್ತಿಯವರಿಗೆ ಫೋನು ಮಾಡಿ ನಾಯಿ ಕೊಡುವುದಿಲ್ಲವೆಂದು ತಿಳಿಸಿದ.

ಊರಿಗೆ ಹೊರಡುವ ದಿನ ಮಾಲಾ ಅಪ್ಪನನ್ನು ಬಸ್‌ಸ್ಟ್ಯಾಂಡಿನ ತನಕ ನಡೆದೇ ಕಳಿಸಲು ಬಂದಳು. ಅವನ ಚೀಲ ಅವನ ಹೆಗಲ ಮೇಲೆ, ಹಗ್ಗ ಅವಳ ಎಡಗೈಯಲ್ಲಿ. ದಾರಿಯಲ್ಲಿ ಅವಳು ಬಹಳ ಮಾತಾಡಿದಳು: ಆಫೀಸಿನ ಮಾತು, ಸಪ್ನಾಳ ಮಾತು, ಅವ್ವನ ಮೊಣಕಾಲಿನ ಮಾತು. ಅವನು ಹೂಂಗುಡುತ್ತ ನಡೆದ. ನಡುವೆ ಒಮ್ಮೆ ಧೈರ್ಯ ಮಾಡಿ, ಕರಿಯನ ವಿಷಯದಲ್ಲಿ ತಾನು ಮಾಡಿದ್ದು ತಪ್ಪು ಎಂದ. ಆಕೆ ಒಂದು ಆಟೋ ಹಾದು ಹೋಗಲಿ ಎಂದು ಬಿಜಲಿಯನ್ನು ಬದಿಗೆ ಕರೆದು ನಿಲ್ಲಿಸಿ, ಆಮೇಲೆ ಹೇಳಿದಳು:

“ತಪ್ಪ ಹೌದಪಾ. ಅದನ್ನ ನಾ ಮರಿಯಾಂಗಿಲ್ಲ. ಆದ್ರ ನೀ ದೀಪಾವಳಿಗೆ ಅವ್ವನ್ನ ಕರಕೊಂಡು ಬಾ.”

ರಾಮದುರ್ಗದ ಬಸ್ಸು ಬಂದು ನಿಂತಿತ್ತು. ಜನ ಬಾಗಿಲಿಗೆ ಮುಗಿಬಿದ್ದರು, ಹಾರ್ನು ಕೂಗಿತು, ಯಾರದೋ ಬುಟ್ಟಿಯಲ್ಲಿದ್ದ ಕೋಳಿ ಗದ್ದಲ ಎಬ್ಬಿಸಿತು. ಮಡಿವಾಳೆಪ್ಪ ಹೇಗೋ ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದು ಹೊರಗೆ ನೋಡಿದ. ಬಿಜಲಿ ಕೋಳಿಯ ಕಡೆ ಮೈಯೆಲ್ಲ ಬಿಗಿ ಹಿಡಿದು ಜಗ್ಗುತ್ತಿತ್ತು. ಮಾಲಾ ಎರಡೂ ಕೈಯಲ್ಲಿ ಹಗ್ಗ ಹಿಡಿದು ಜನರ ನಡುವೆ ಕಾಲೂರಿ ನಿಂತಿದ್ದಳು. ಅವನ ಕಡೆ ನೋಡಿ ಕೈ ಬೀಸಲು ಅವಳಿಗೆ ಕೈ ಬಿಡುವಿರಲಿಲ್ಲ. ಬಸ್ಸು ಹಿಂದಕ್ಕೆ ಸರಿದು ತಿರುಗಿಕೊಂಡಿತು. ಕಂಡಕ್ಟರು ಎಲ್ಲಿಗೆ ಎಂದು ಎರಡು ಸಲ ಕೇಳಿದ ಮೇಲೆ ಅವನು ಕಟಕೋಳ ಎಂದ.